ಖಾಲಿ ತೋಟಾಕ್ಕೆ ಮತ್ತೆ ಮದ್ದು: ಅಮೆರಿಕದ ಮನೆಗೆಲಸವೊಂದರ ಚರಿತ್ರೆ

ಬಂದೂಕಿನ ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕೂರುವ ಕೇಪು, ಒಳಗಿನ ಮದ್ದು, ಬಾಯಿಗೆ ಕೂರಿಸಿದ ಗುಂಡು. ಈಡು ಹಾರಿದ ಮೇಲೆ ಗುಂಡು ಹೋಗಿರುತ್ತದೆ, ಮದ್ದು ಉರಿದಿರುತ್ತದೆ, ಕೇಪು ಸತ್ತಿರುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಲ್ಲಿ ಹೆಚ್ಚು ಬೆಲೆಯದೂ ಅದೇ. ಸತ್ತ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಉಬ್ಬಿದ ಕೊಳವೆಯನ್ನು ಮೊದಲಿನ ಅಳತೆಗೆ ತಂದು, ಮದ್ದು ಹಾಕಿ ಗುಂಡು ಕೂರಿಸಿದರೆ ಅದೇ ಹಿತ್ತಾಳೆ ಹಲವು ಸಲ ಕೆಲಸಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ರೀಲೋಡಿಂಗ್ ಎಂದು ಕರೆಯುವ ಈ ಕೆಲಸ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದೂವರೆ ಶತಮಾನದಿಂದ ನಡೆದುಬಂದಿದೆ. ಅದು ನಡೆದದ್ದು ಹೆಚ್ಚಾಗಿ ಕಾರ್ಖಾನೆಗಳಲ್ಲಲ್ಲ. ಬೇಟೆಗಾರರ ಬಿಡಾರ, ಅಡುಗೆಮನೆಯ ಮೇಜು, ನೆಲಮಾಳಿಗೆ, ಬಾಡಿಗೆ ಮನೆಯ ಬಟ್ಟೆ ಕಪಾಟುಗಳಲ್ಲಿ. ಆಯಾ ಕಾಲದಲ್ಲಿ ಅದಕ್ಕೆ ಎಷ್ಟು ಜಾಗ ಸಿಕ್ಕಿತೋ ಅದಕ್ಕೆ ತಕ್ಕಂತೆ ಉಪಕರಣಗಳ ಆಕಾರವೂ ಬದಲಾಯಿತು.

ತೋಟಾಕ್ಕಿಂತ ಮೊದಲು

ಲೋಹದ ತೋಟಾ ಬರುವ ಮೊದಲು ಕೋವಿ ಇದ್ದವರೆಲ್ಲರೂ ತಮ್ಮ ಈಡನ್ನು ತಾವೇ ತಯಾರಿಸಿಕೊಳ್ಳುತ್ತಿದ್ದರು. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಅದರ ಮೇಲೆ ಗುಂಡನ್ನಿಟ್ಟು ಗಜದಿಂದ ಜಡಿಯಬೇಕಿತ್ತು. ನಳಿಗೆಗಳ ಅಳತೆ ಒಂದರಂತೆ ಒಂದು ಇರುತ್ತಿರಲಿಲ್ಲ. ಆದ್ದರಿಂದ ಕುಶಲಕರ್ಮಿ ಒಂದು ಕೋವಿಯನ್ನು ಮಾಡಿಕೊಟ್ಟರೆ ಅದರ ಅಳತೆಯ ಗುಂಡಿನ ಅಚ್ಚನ್ನೂ ಜೊತೆಗೆ ಕೊಡುವುದು ವಾಡಿಕೆ. ಸೀಸ ಕಡಿಮೆ ಶಾಖಕ್ಕೇ, ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಅಡುಗೆಯ ಒಲೆಯೇ ಅದಕ್ಕೆ ಸಾಕಾಗುತ್ತಿತ್ತು.

ಮನೆಯೊಂದು ಗುಂಡಿನ ಕಾರ್ಖಾನೆಯಾದ ಹೆಸರಾಂತ ಪ್ರಸಂಗ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ್ದು. 1776ರ ಜುಲೈ 9ರಂದು ನ್ಯೂಯಾರ್ಕಿನ ಬೌಲಿಂಗ್ ಗ್ರೀನ್‌ನಲ್ಲಿ ನಿಂತಿದ್ದ ದೊರೆ ಮೂರನೆಯ ಜಾರ್ಜ್‌ನ ಪ್ರತಿಮೆಯನ್ನು ಜನ ಕೆಡವಿದರು. ಚಿನ್ನದ ಲೇಪನದ ಒಳಗೆ ಅದು ಬರೀ ಸೀಸ. ತುಂಡುಗಳಲ್ಲಿ ಬಹುಪಾಲನ್ನು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ಗೆ, ಆಲಿವರ್ ವಾಲ್ಕಾಟ್‌ನ ಮನೆಗೆ ಸಾಗಿಸಲಾಯಿತು. ಅಲ್ಲಿ ಮನೆಯ ಹೆಂಗಸರು, ಮಕ್ಕಳು, ನೆರೆಹೊರೆಯವರು ಸೇರಿ ಅದನ್ನು ಕರಗಿಸಿ ಗುಂಡು ಎರೆದರು. ವಾಲ್ಕಾಟ್ ಬರೆದಿಟ್ಟ ಲೆಕ್ಕದಲ್ಲಿ ಒಟ್ಟು 42,088 ಎಂದಿದೆ. ಯಾರು ಎಷ್ಟು ಮಾಡಿದರು ಎಂಬುದೂ ಅದರಲ್ಲಿದೆ.

ಕಿಡಿ ಹೊತ್ತಿಸುವ ಕೆಲಸಕ್ಕೆ ಆಗ ಚಕಮಕಿ ಕಲ್ಲೇ ಗತಿ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ 1807ರಲ್ಲಿ ಪೇಟೆಂಟ್ ಪಡೆದ ವಿಧಾನ ಇದನ್ನು ಬದಲಿಸಿತು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಅವನು ಕೋವಿಗೆ ಬಳಸಿದ್ದ. ಕೆಲವೇ ವರ್ಷಗಳಲ್ಲಿ ಆ ರಾಸಾಯನಿಕವನ್ನು ಪುಟ್ಟ ತಾಮ್ರದ ಟೊಪ್ಪಿಯೊಳಗೆ ಹಚ್ಚುವುದು ರೂಢಿಗೆ ಬಂತು. ಮಲೆನಾಡಿನವರೂ ಕೊಡಗಿನವರೂ ಕೇಪಿನ ಕೋವಿ ಎನ್ನುವುದು ಈ ಬಗೆಯದನ್ನೇ. ಮನೆಯಲ್ಲಿ ಗುಂಡು ಎರೆಯುವವರಿಗೆ ಅಂಗಡಿಯಿಂದ ಕೊಳ್ಳದೆ ಬೇರೆ ದಾರಿಯಿಲ್ಲದ ವಸ್ತುವೊಂದು ಇಲ್ಲಿಂದ ಶುರುವಾಯಿತು.

ಇಬ್ಬರು ಕರ್ನಲ್‌ಗಳ ಕೇಪು

ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಕೂಡಿಸಿದ ತೋಟಾ 19ನೆಯ ಶತಮಾನದ ನಡುಭಾಗದಲ್ಲಿ ಮಾರುಕಟ್ಟೆಗೆ ಬಂತು. ಸ್ಮಿತ್ ಅಂಡ್ ವೆಸನ್ 1857ರಲ್ಲಿ ಹೊರತಂದ ಪುಟ್ಟ ರಿವಾಲ್ವರಿನ ತೋಟಾದಲ್ಲಿ ಸಿಡಿಯುವ ರಾಸಾಯನಿಕ ತಳದ ಅಂಚಿನ ಮಡಿಕೆಯೊಳಗೆ ಇತ್ತು. ಅಂಚಿಗೆ ಪೆಟ್ಟು ಬಿದ್ದಾಗ ಆ ಮಡಿಕೆ ನಜ್ಜುಗುಜ್ಜಾಗುತ್ತಿದ್ದುದರಿಂದ ಖಾಲಿ ತೋಟಾವನ್ನು ಎಸೆಯುವುದೊಂದೇ ದಾರಿ. ಇಂದಿನ .22 ತೋಟಾಗಳೂ ಇದೇ ಜಾತಿಯವು.

ತಳದ ನಡುವೆ ಗುಳಿ ಮಾಡಿ, ಅದರಲ್ಲಿ ಪ್ರತ್ಯೇಕ ಕೇಪನ್ನು ಕೂರಿಸುವ ಪದ್ಧತಿ ಬಂದ ಮೇಲೆಯೇ ಮರುಬಳಕೆ ಸಾಧ್ಯವಾಯಿತು. ಇದಕ್ಕೆ 1860ರ ದಶಕದಲ್ಲಿ ಎರಡು ರೂಪಗಳು ಹುಟ್ಟಿದವು. ಒಂದು, ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆ ಕಟ್ಟಿದ್ದ ಕರ್ನಲ್ ಹೈರಮ್ ಬರ್ಡನ್‌ನದು. ಇನ್ನೊಂದು, ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ ಕರ್ನಲ್ ಎಡ್ವರ್ಡ್ ಬಾಕ್ಸರ್‌ನದು. ಕೇಪು ಸಿಡಿಯಬೇಕಾದರೆ ಪೆಟ್ಟಿನ ಕೆಳಗೆ ಆಧಾರವಾಗಿ ಪುಟ್ಟ ಅಡಿಗಲ್ಲೊಂದು ಬೇಕು. ಬರ್ಡನ್ ಆ ಅಡಿಗಲ್ಲನ್ನು ಕೊಳವೆಯ ತಳದಲ್ಲೇ ಮೂಡಿಸಿ, ಕಿಡಿ ಒಳಹೋಗಲು ಅದರ ಪಕ್ಕದಲ್ಲಿ ಸಣ್ಣ ತೂತುಗಳನ್ನು ಇಟ್ಟ. ಬಾಕ್ಸರ್ ಅಡಿಗಲ್ಲನ್ನು ಕೇಪಿನೊಳಗೇ ಸೇರಿಸಿ, ಕೊಳವೆಯ ತಳದ ನಟ್ಟನಡುವೆ ಒಂದೇ ತೂತು ಬಿಟ್ಟ.

ಬಾಕ್ಸರ್‌ನ ಕೊಳವೆಯಲ್ಲಿ ಬಾಯಿಂದ ಒಂದು ಸಪೂರ ಸರಳನ್ನು ಇಳಿಸಿ ಒತ್ತಿದರೆ ಅದು ನಡುವಿನ ತೂತಿನಲ್ಲಿ ಹಾದು ಸತ್ತ ಕೇಪನ್ನು ಹೊರಗೆ ತಳ್ಳುತ್ತದೆ. ಬರ್ಡನ್‌ನದರಲ್ಲಿ ಹಾಗೆ ತಳ್ಳಲು ಹೋದರೆ ಸರಳು ಅಡಿಗಲ್ಲಿಗೇ ತಾಗಿ ನಿಲ್ಲುತ್ತದೆ. ಕೇಪನ್ನು ಹೊರಗಿನಿಂದ ಮೀಟಿ ತೆಗೆಯಬೇಕಾಗುತ್ತದೆ. ಮುಂದೆ ಅಮೆರಿಕನ್ನನ ಕೇಪು ಯುರೋಪಿನಲ್ಲಿ ನೆಲೆಯೂರಿತು, ಇಂಗ್ಲಿಷರವನ ಕೇಪು ಅಮೆರಿಕದಲ್ಲಿ ಬೇರುಬಿಟ್ಟಿತು. ತೋಟಾವನ್ನು ಮನೆಯಲ್ಲಿ ಮರುತುಂಬುವ ರೂಢಿ ಅಮೆರಿಕದಲ್ಲಿ ಇಷ್ಟು ಹರಡಲು ಈ ಅದಲುಬದಲೂ ದೊಡ್ಡ ಕಾರಣ.

ಬಿಡಾರದಲ್ಲಿ, ದಂಡಿನಲ್ಲಿ

1870ರ ದಶಕದಲ್ಲಿ ಪಶ್ಚಿಮದ ಬಯಲುಗಳಲ್ಲಿ ಕಾಡೆಮ್ಮೆಯಂತಹ ಬೈಸನ್‌ಗಳ ಚರ್ಮಕ್ಕಾಗಿ ಬೇಟೆಗಾರರು ತಿಂಗಳುಗಟ್ಟಲೆ ಊರಿನಿಂದ ದೂರ ಇರುತ್ತಿದ್ದರು. ರೈಲು 1872ರಲ್ಲಿ ಮುಟ್ಟಿದ್ದ ಡಾಡ್ಜ್ ಸಿಟಿಯಂಥ ಊರುಗಳಲ್ಲಿ ಅವರು ಸೀಸದ ಗಟ್ಟಿ, ಪೀಪಾಯಿಗಟ್ಟಲೆ ಕರಿಮದ್ದು, ಕೇಪುಗಳನ್ನು ಬಂಡಿಗೆ ಹೇರಿಕೊಂಡು ಹೊರಡುತ್ತಿದ್ದರು. ಹಗಲಿಡೀ ಹೊಡೆದ ಖಾಲಿ ತೋಟಾಗಳನ್ನು ರಾತ್ರಿ ಬೆಂಕಿಯ ಬೆಳಕಿನಲ್ಲಿ ಮತ್ತೆ ತುಂಬುತ್ತಿದ್ದರು. ಸಿದ್ಧ ತೋಟಾಗಳಿಗಿಂತ ಇದು ಅಗ್ಗವಾಗಿತ್ತು.

ಆ ಕಾಲದ ಪ್ರಸಿದ್ಧ ತೋಟಾ .45-70ರ ಹೆಸರಿನಲ್ಲೇ ಮನೆಯಲ್ಲಿ ತುಂಬುವವನಿಗೆ ಬೇಕಾದ ಲೆಕ್ಕ ಇದೆ: ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ 45 ಪಾಲು, ಕರಿಮದ್ದು 70 ಗ್ರೇನ್. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಹಾಗಾಗಿ 25 ಪೌಂಡಿನ ಒಂದು ಪೀಪಾಯಿ ಮದ್ದು 2,500 ಈಡಿಗೆ ಸಾಕು. 405 ಗ್ರೇನ್ ತೂಗುವ ಗುಂಡಾದರೆ ಒಂದು ಪೌಂಡ್ ಸೀಸಕ್ಕೆ 17 ಗುಂಡು. ಬೇಟೆಗೆ ಹೊರಡುವ ಮುನ್ನ ಇಂಥ ಲೆಕ್ಕಗಳನ್ನು ಹಾಕಿಕೊಳ್ಳದೆ ವಿಧಿಯಿರಲಿಲ್ಲ. ದಕ್ಷಿಣದ ಬಯಲುಗಳ ಬೈಸನ್ ಹಿಂಡು ಆ ದಶಕ ಮುಗಿಯುವುದರೊಳಗೆ, ಉತ್ತರದ ಹಿಂಡು 1880ರ ದಶಕದ ಮೊದಲ ವರ್ಷಗಳಲ್ಲಿ ಬಹುತೇಕ ನಿರ್ನಾಮವಾದವು. ಅಗ್ಗದ ಈಡು ಆ ಸಂಹಾರಕ್ಕೆ ನೆರವಾದ ಸಂಗತಿಗಳಲ್ಲಿ ಒಂದು.

.45-70 ಅಮೆರಿಕದ ಸೈನ್ಯ 1873ರಲ್ಲಿ ಅಳವಡಿಸಿಕೊಂಡ ತೋಟಾ. ಮೊದಲಿಗೆ ಅದರ ಕೇಪು ಕೊಳವೆಯ ಒಳಗಡೆಯೇ ಅಡಗಿದ್ದರಿಂದ ಮರುಬಳಕೆಗೆ ಬರುತ್ತಿರಲಿಲ್ಲ. ಮುಂದೆ ಗುರಿ ಅಭ್ಯಾಸಕ್ಕೆ ಒತ್ತು ಹೆಚ್ಚಿ ಖರ್ಚೂ ಬೆಳೆದಾಗ, ಹೊರಗಿನಿಂದ ಕೇಪು ಕೂರಿಸುವ ಗಟ್ಟಿ ತಳದ ಕೊಳವೆಗಳನ್ನು ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಆರ್ಸೆನಲ್ ತಯಾರಿಸಿತು. ತುಂಬುವ ಉಪಕರಣಗಳನ್ನೂ ತುಕಡಿಗಳಿಗೆ ಹಂಚಲಾಯಿತು. ಗಡಿಯ ಠಾಣೆಗಳಲ್ಲಿ ಸಿಪಾಯಿಗಳೇ ಅಭ್ಯಾಸದ ತೋಟಾಗಳನ್ನು ತುಂಬಿಕೊಳ್ಳುತ್ತಿದ್ದರು.

ಇದೇ ಹೊತ್ತಿಗೆ ಊರುಗಳಲ್ಲಿ ಇನ್ನೊಂದು ಪರಂಪರೆ ಬೆಳೆಯುತ್ತಿತ್ತು. ಜರ್ಮನಿಯಿಂದ ವಲಸೆ ಬಂದವರು ಕಟ್ಟಿಕೊಂಡ ಶುಟ್ಸೆನ್ ಗುರಿಕ್ಲಬ್ಬುಗಳಲ್ಲಿ ಪಳಗಿದ ಗುರಿಕಾರ ಒಂದೇ ಹಿತ್ತಾಳೆಯ ಕೊಳವೆಯನ್ನು ಅಲ್ಲೇ ಬೆಂಚಿನ ಮೇಲೆ ಮತ್ತೆಮತ್ತೆ ತುಂಬಿ ಇಡೀ ದಿನ ಹೊಡೆಯುತ್ತಿದ್ದ. ಪ್ರತಿ ಈಡಿಗೂ ಅದೇ ಕೊಳವೆ, ಅದೇ ತೂಕದ ಮದ್ದು. ಹಾಗಾಗಿ ಗುರಿಯಲ್ಲಿ ಏರುಪೇರು ಕಡಿಮೆ. ಬೇಟೆಗಾರ ಹಣ ಉಳಿಸಲು ಮಾಡುತ್ತಿದ್ದುದನ್ನು ಇವರು ನಿಖರತೆಗಾಗಿ ಮಾಡಿದರು. ಈ ಹವ್ಯಾಸಕ್ಕೆ ಇಂದಿಗೂ ಇರುವುದು ಇವೆರಡೇ ಮುಖ್ಯ ಪ್ರೇರಣೆ.

ಅಡಕತ್ತರಿಯಂಥ ಉಪಕರಣ

ವಿಂಚೆಸ್ಟರ್ ಮುಂತಾದ ಕಂಪನಿಗಳು ರೈಫಲ್ಲಿನ ಜೊತೆಗೆ ತೋಟಾ ತುಂಬುವ ಕೈ ಉಪಕರಣಗಳನ್ನೂ ಮಾರುತ್ತಿದ್ದವು. ಆದರೆ ಅದನ್ನೇ ಮುಖ್ಯ ವ್ಯಾಪಾರವಾಗಿ ಬೆಳೆಸಿದವನು ಜಾನ್ ಬಾರ್ಲೋ. ಅವನು 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಐಡಿಯಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಆರಂಭಿಸಿದ. ಅವನ ಉಪಕರಣ ನೋಡಲು ಅಡಕತ್ತರಿಯ ಹಾಗೆ: ಎರಡು ಹಿಡಿಗಳು, ಒಂದು ತಿರುಗಣಿ, ಹಿಡಿ ಅದುಮಿದರೆ ತುದಿಯಲ್ಲಿ ಒತ್ತಡ. ಸತ್ತ ಕೇಪನ್ನು ತೆಗೆಯುವುದು, ಹೊಸದನ್ನು ಕೂರಿಸುವುದು, ಕೊಳವೆಯ ಬಾಯನ್ನು ಬಿಗಿ ಮಾಡುವುದು, ಗುಂಡನ್ನು ಕೂರಿಸುವುದು ಎಲ್ಲವೂ ಇದರಲ್ಲೇ ಆಗುತ್ತಿತ್ತು. ಕೆಲವು ಮಾದರಿಗಳಲ್ಲಿ ಹಿಡಿಯ ತುದಿಗೆ ಗುಂಡಿನ ಅಚ್ಚೂ ಸೇರಿಕೊಂಡಿತ್ತು. ಮೇಜು ಬೇಡ, ಬೆಂಚು ಬೇಡ. ಜೀನುಚೀಲದಲ್ಲಿ ಹಿಡಿಯುವ ಗಾತ್ರ.

ಐಡಿಯಲ್ ಕಂಪನಿ ತನ್ನ ಮಾಲಿನ ಪಟ್ಟಿಯ ಜೊತೆಗೆ ಯಾವ ತೋಟಾಕ್ಕೆ ಎಷ್ಟು ಮದ್ದು, ಎಂಥ ಗುಂಡು ಎಂಬ ವಿವರಗಳನ್ನೂ ಸೇರಿಸಿ ಕೈಪಿಡಿ ಅಚ್ಚು ಹಾಕಿಸುತ್ತಿತ್ತು. ಹಿರಿಯರ ಬಳಿ ನೋಡಿ ಕಲಿಯುತ್ತಿದ್ದ ವಿದ್ಯೆ ಈ ಕೈಪಿಡಿಗಳ ಮೂಲಕ ಪುಸ್ತಕಕ್ಕೆ ಇಳಿಯಿತು. ಕಂಪನಿ 1910ರಲ್ಲಿ ಮಾರ್ಲಿನ್ ಕೈ ಸೇರಿತು, ಕೊನೆಗೆ 1925ರಲ್ಲಿ ಅದೇ ರಾಜ್ಯದ ಮಿಡಲ್‌ಫೀಲ್ಡ್‌ನ ಲೈಮನ್ ಕಂಪನಿಯ ಪಾಲಾಯಿತು. ಬಾರ್ಲೋನ ಇಕ್ಕಳದ ವಂಶದ 310 ಎಂಬ ಉಪಕರಣವನ್ನು ಲೈಮನ್ ದಶಕಗಟ್ಟಲೆ ಮಾರಿತು.

ಹೊಗೆಯಿಲ್ಲದ ಮದ್ದು, ತಕ್ಕಡಿಯ ಅಗತ್ಯ

ಫ್ರಾನ್ಸಿನ ಪೌಲ್ ವಿಯೆಯ್ 1884ರಲ್ಲಿ ರೂಪಿಸಿದ ಹೊಗೆಯಿಲ್ಲದ ಮದ್ದು ಎಲ್ಲ ದೇಶಗಳ ಕೋವಿಗಳನ್ನೂ ಬದಲಿಸಿತು. ಅಮೆರಿಕದ ಸೈನ್ಯ 1892ರಲ್ಲಿ ಆಯ್ದುಕೊಂಡ ಕ್ರ್ಯಾಗ್ ರೈಫಲ್ ಇದಕ್ಕಾಗಿಯೇ ಮಾಡಿದ್ದು, 1895ರ ವೇಳೆಗೆ .30-30 ತೋಟಾದ ಮೂಲಕ ಬೇಟೆಗಾರರಿಗೂ ಅದು ತಲುಪಿತು.

ಕರಿಮದ್ದಿನಲ್ಲಿ ಕೊಳವೆಯನ್ನು ಹೆಚ್ಚುಕಡಿಮೆ ತುಂಬುವಷ್ಟು ಸುರಿಯುವುದೇ ಕ್ರಮ. ಒಂದು ಚಮಚೆಯ ಅಳತೆ ಸಾಕಿತ್ತು. ಹೊಸ ಮದ್ದಿನ ಶಕ್ತಿ ಅದಕ್ಕಿಂತ ಎಷ್ಟೋ ಹೆಚ್ಚು. ಹಳೆಯ ಚಮಚೆಯಲ್ಲೇ ಅದನ್ನು ಅಳೆದು ಹಾಕಿದವರ ಕೋವಿಗಳು ಒಡೆದುಹೋದವು. ಹೊಗೆಯಿಲ್ಲದ ಮದ್ದುಗಳಲ್ಲೇ ಕೆಲವು ಹಗುರ, ಕೆಲವು ದಟ್ಟ. ಕೆಲವು ಬೇಗ ಉರಿಯುವಂಥವು, ಕೆಲವು ನಿಧಾನ. ಒಂದರ ಬದಲು ಇನ್ನೊಂದನ್ನು ಬಳಸುವ ಹಾಗಿರಲಿಲ್ಲ. ಹೀಗಾಗಿ ಗ್ರೇನಿನ ಹತ್ತರಲ್ಲಿ ಒಂದು ಪಾಲನ್ನೂ ತೋರಿಸುವ ತಕ್ಕಡಿ, ಅಚ್ಚಾದ ಅಳತೆಯ ಪಟ್ಟಿ ಎರಡೂ ಅನಿವಾರ್ಯವಾದವು. ತಕ್ಕಡಿಗೆ ಅಲುಗಾಡದ ಸಮತಟ್ಟಾದ ಜಾಗ ಬೇಕು, ಗಾಳಿ ಬೀಸಬಾರದು, ಒಳ್ಳೆಯ ಬೆಳಕಿರಬೇಕು. ಬೆಂಕಿಯ ಪಕ್ಕದಲ್ಲಿ ನಡೆಯುತ್ತಿದ್ದ ಕೆಲಸ ಮನೆಯೊಳಗೆ ಬಂದು ಮೇಜಿನ ಮುಂದೆ ಕೂತದ್ದು ಹೀಗೆ.

ಕೇಪಿನ ರಸಾಯನವೂ ಅಡ್ಡಿಯಾಗಿತ್ತು. ಹಳೆಯ ಕೇಪುಗಳಲ್ಲಿ ಇರುತ್ತಿದ್ದ ಪಾದರಸ ಹಿತ್ತಾಳೆಯೊಡನೆ ಬೆರೆತು ಅದನ್ನು ಪೆಡಸು ಮಾಡುತ್ತಿತ್ತು. ಕರಿಮದ್ದಿನ ಹೇರಳ ಮಸಿ ತಡೆಯುತ್ತಿದ್ದ ಈ ಹಾನಿ ಹೊಸ ಮದ್ದಿನಲ್ಲಿ ನೇರವಾಗಿ ತಟ್ಟಿತು. ಕೇಪಿನಲ್ಲೇ ಇದ್ದ ಪೊಟ್ಯಾಸಿಯಮ್ ಕ್ಲೋರೇಟ್ ಬಿಡುವ ಉಪ್ಪು ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. 1920ರ ದಶಕದ ಕೊನೆಗೆ ರೆಮಿಂಗ್ಟನ್ ಕಂಪನಿ ತುಕ್ಕು ಹಿಡಿಸದ ಕ್ಲೀನ್‌ಬೋರ್ ಕೇಪನ್ನು ಮಾರುಕಟ್ಟೆಗೆ ತಂದಿತು, ಬೇರೆ ಕಂಪನಿಗಳೂ ಅದೇ ಹಾದಿ ಹಿಡಿದವು. ಪಾದರಸವೂ ಕ್ಲೋರೇಟೂ ಹಿಂದೆ ಸರಿದ ಮೇಲೆ ಹಿತ್ತಾಳೆಯ ಆಯುಸ್ಸು ಹೆಚ್ಚಿತು. 1937ರಲ್ಲಿ ಫಿಲಿಪ್ ಶಾರ್ಪ್ ಬರೆದ ಬೃಹತ್ ಮಾರ್ಗದರ್ಶಿ ಈ ವಿದ್ಯೆಯನ್ನೆಲ್ಲ ಒಂದೆಡೆ ಕೂಡಿಸಿತು.

ಮೇಜಿಗೆ ಬಿಗಿದ ಪ್ರೆಸ್

ಹೆಚ್ಚಿನ ಒತ್ತಡದಲ್ಲಿ ಉರಿಯುವ ಹೊಸ ತೋಟಾಗಳು ಪ್ರತಿ ಈಡಿಗೂ ಉದ್ದಕ್ಕೂ ಹಿಗ್ಗುತ್ತಿದ್ದವು. ಅವನ್ನು ಹಳೆಯ ಅಳತೆಗೆ ತರಲು ಕೈಯ ಇಕ್ಕಳದ ಬಲ ಸಾಲದು. ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಪೂರ್ತಿ ಕೊಳವೆಯನ್ನು ಒತ್ತಿ ತೂರಿಸಬೇಕು. ಅದಕ್ಕೆ ಉದ್ದ ಹಿಡಿಯ, ಭಾರದ ಕಬ್ಬಿಣದ ಪ್ರೆಸ್ ಬೇಕು. ಪ್ರೆಸ್ಸನ್ನು ಬಿಗಿಯಲು ಗಟ್ಟಿ ಬೆಂಚು ಬೇಕು. 1930ರ ದಶಕದಲ್ಲಿ ಇಂಥ ಪ್ರೆಸ್‌ಗಳು ಬಳಕೆಗೆ ಬಂದವು. ಕ್ರಮೇಣ ಡೈಗಳ ಹೊರಮೈ ಅಂಗುಲದ ಎಂಟರಲ್ಲಿ ಏಳು ಪಾಲು ದಪ್ಪ, ಅಂಗುಲಕ್ಕೆ 14 ಸುತ್ತಿನ ಮರೆ ಎಂಬ ಅಳತೆಗೆ ಬಂದು ನಿಂತಿತು. ಒಬ್ಬರ ಪ್ರೆಸ್ಸಿಗೆ ಇನ್ನೊಬ್ಬರ ಡೈ ಹೊಂದುವಂತಾದ್ದರಿಂದ ಸಣ್ಣ ತಯಾರಕರೂ ಕಣಕ್ಕೆ ಇಳಿಯಬಹುದಾಯಿತು.

ಎರಡನೆಯ ಮಹಾಯುದ್ಧ ಈ ಸಣ್ಣ ತಯಾರಕರನ್ನು ಹುಟ್ಟಿಸಿತು. ತಾಮ್ರ, ಸೀಸ, ಮದ್ದು ಎಲ್ಲ ಸೈನ್ಯಕ್ಕೆ ಹೋಗಿ ಪೇಟೆಯಲ್ಲಿ ಗುಂಡುಗಳೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ತಂದೆಯ ಬಟ್ಟೆ ಒಗೆಯುವ ಅಂಗಡಿಯ ಹಿಂಭಾಗದಲ್ಲಿ ಡೈ ತಯಾರಿಸತೊಡಗಿದ. ಎಸೆದ .22 ತೋಟಾಗಳನ್ನು ಒತ್ತಿ ಗುಂಡಿನ ಹೊರಕವಚವಾಗಿಸುವ ಡೈಗಳು ಅವು. ಅವನ ಆರ್‌ಸಿಬಿಎಸ್ ಕಂಪನಿ ಮುಂದೆ ಪ್ರೆಸ್‌ಗಳಿಗೆ ಹೆಸರಾಯಿತು. ಇಡಾಹೊದ ಲೂಯಿಸ್ಟನ್‌ನಲ್ಲಿ ವರ್ನನ್ ಸ್ಪಿಯರ್, 1949ರಲ್ಲಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಜಾಯ್ಸ್ ಹಾರ್ನಡಿ ಗುಂಡು ತಯಾರಿಕೆಗೆ ಇಳಿದರು. ಮೂವರು ಶುರುಮಾಡಿದ ಕಂಪನಿಗಳ ಸರಕೂ ಇಂದಿಗೂ ಮಾರುಕಟ್ಟೆಯಲ್ಲಿದೆ.

ಮದ್ದಿನ ಕೊರತೆಯನ್ನು ನೀಗಿಸಿದವನು ಕ್ಯಾನ್ಸಸ್‌ನ ಬ್ರೂಸ್ ಹಾಜ್‌ಡನ್. ಯುದ್ಧ ಮುಗಿದಾಗ ಸರಕಾರದ ಬಳಿ 4895 ಎಂಬ ರೈಫಲ್ ಮದ್ದು ಬೇಕಾದಷ್ಟು ಮಿಕ್ಕಿತ್ತು. ಹಾಜ್‌ಡನ್ ಜೀವವಿಮೆಯ ಮೇಲೆ ಸಾಲ ತೆಗೆದು 50,000 ಪೌಂಡ್ ಕೊಂಡ. ಹುಲ್ಲುಗಾವಲಿನಲ್ಲಿ ನಿಲ್ಲಿಸಿದ ಹಳೆಯ ರೈಲು ಡಬ್ಬಿಯೇ ಅವನ ಉಗ್ರಾಣ. ಪತ್ರಿಕೆಯಲ್ಲಿ ಕೊಟ್ಟ ಒಂದಂಗುಲದ ಜಾಹೀರಾತೇ ಅಂಗಡಿ. ಯುದ್ಧದಿಂದ ಮರಳಿದ ಯುವಕರಿಗೆ ಕೋವಿಯ ಪರಿಚಯವಿತ್ತು, ಹೊಸ ಬಡಾವಣೆಗಳ ಮನೆಗಳಲ್ಲಿ ಗ್ಯಾರೇಜು, ನೆಲಮಾಳಿಗೆಗಳಿದ್ದವು, ಮದ್ದು ಅಗ್ಗವಾಗಿ ಸಿಗುತ್ತಿತ್ತು. ಬೆಂಚಿನ ಮೇಲೆ ಪ್ರೆಸ್ ಬಿಗಿದುಕೊಂಡ ಹವ್ಯಾಸಿಗಳ ಪೀಳಿಗೆಯೊಂದು ಹೀಗೆ ಬೆಳೆಯಿತು.

ಚರೆ ತುಂಬುವ ಶಾಟ್‌ಗನ್ ತೋಟಾಗಳ ದಾರಿ ತುಸು ಬೇರೆ. ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಆಟದಲ್ಲಿ ಒಂದು ಸುತ್ತಿಗೆ 25 ತೋಟಾ ಬೇಕು. ವಾರಕ್ಕೆ ನೂರಾರು ಹೊಡೆಯುವವರಿಗಾಗಿ ವಿಸ್ಕಾನ್ಸಿನ್‌ನ ಮೇವಿಲ್ ಎಂಜಿನಿಯರಿಂಗ್ ಕಂಪನಿ 1950ರ ದಶಕದಿಂದ ಪ್ರತ್ಯೇಕ ಪ್ರೆಸ್‌ಗಳನ್ನು ಮಾಡಿತು. ಅಲ್ಲಿಯವರೆಗೆ ತೇವಕ್ಕೆ ಉಬ್ಬುವ ಕಾಗದದ ಕೊಳವೆಗಳೇ ಸಾಮಾನ್ಯವಾಗಿದ್ದವು. 1960ರಲ್ಲಿ ರೆಮಿಂಗ್ಟನ್ ಪ್ಲಾಸ್ಟಿಕ್ ಕೊಳವೆಯನ್ನು ತಂದ ಮೇಲೆ ಒಂದೇ ಕೊಳವೆಯನ್ನು ಹಲವು ಸಲ ತುಂಬುವುದು ಸುಲಭವಾಯಿತು.

ಡಬ್ಬಿಯಲ್ಲಿ ಹಿಡಿಯುವ ಸಲಕರಣೆ

ಎಲ್ಲರಿಗೂ ಗ್ಯಾರೇಜು ಇರಲಿಲ್ಲ. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಮಾರಾಟಕ್ಕೆ ತಂದ ಲೀ ಲೋಡರ್ ಜಾಗವಿಲ್ಲದವರ ಉಪಕರಣವಾಯಿತು. ಮೊದಲು ಶಾಟ್‌ಗನ್ ತೋಟಾಕ್ಕೆ, ಆಮೇಲೆ ರೈಫಲ್, ಪಿಸ್ತೂಲುಗಳಿಗೂ ಬಂತು. ಅದರಲ್ಲಿ ಪ್ರೆಸ್ ಇಲ್ಲ. ಕೈಬೆರಳಿನಷ್ಟು ಉದ್ದದ ಉಕ್ಕಿನ ಡೈ, ಒಂದೆರಡು ಸರಳು, ಮದ್ದು ಅಳೆಯುವ ಪುಟ್ಟ ಚಮಚೆ, ಅಳತೆಯ ಪಟ್ಟಿ ಇಷ್ಟು ಒಂದು ಚಿಕ್ಕ ಪೆಟ್ಟಿಗೆಯಲ್ಲಿ. ಒತ್ತಡ ಹಾಕಲು ಕೊಡತಿಯ ಪೆಟ್ಟು. ರೈಫಲ್ ತೋಟಾದಲ್ಲಿ ಪೂರ್ತಿ ಕೊಳವೆಯ ಬದಲು ಕತ್ತಿನ ಭಾಗವನ್ನು ಮಾತ್ರ ಬಿಗಿಗೊಳಿಸುವುದರಿಂದ ಇಷ್ಟು ಬಲ ಸಾಕಾಗುತ್ತಿತ್ತು. ಹಾಗೆ ತುಂಬಿದ್ದು ಮೊದಲು ಹೊಡೆದ ಅದೇ ಕೋವಿಗೆ ಸರಿಹೊಂದುತ್ತದೆ. ಬೇರೆಯದಕ್ಕೆ ಹೊಂದೀತೆಂಬ ಖಾತರಿಯಿಲ್ಲ.

ಕೊಡತಿಯ ಸದ್ದು ಪಕ್ಕದ ಮನೆಗೂ ಕೇಳಿಸುತ್ತದೆ. ಕೇಪನ್ನು ಕೂರಿಸುವಾಗ ಆಗೀಗ ಒಂದು ಸಿಡಿಯುವುದೂ ಉಂಟು. ಗೋಡೆ ಹಂಚಿಕೊಂಡ ಮನೆಗಳಲ್ಲಿ ಇದು ಸಣ್ಣ ತೊಡಕಲ್ಲ. ಎರಡೂ ಕೈಯಲ್ಲಿ ಹಿಡಿದು ಅದುಮುವ, ಸಾಮಾನ್ಯ ಡೈಗಳನ್ನೇ ಹಾಕಬಹುದಾದ ಕೈಪ್ರೆಸ್ ಇದಕ್ಕೆ ಪರಿಹಾರವಾಗಿ ಬಂತು. ಬಾರ್ಲೋನ ಇಕ್ಕಳದ ಆಲೋಚನೆಯೇ ಇಲ್ಲಿ ಹೊಸ ರೂಪದಲ್ಲಿ ಮರಳಿತು.

ಬೆಂಚನ್ನೇ ಮಡಚಿಡುವ ಉಪಾಯಗಳೂ ಹುಟ್ಟಿಕೊಂಡವು. ಲೋಟಸ್ ಎಲಾನ್ ಕಾರಿನ ವಿನ್ಯಾಸಕ ರಾನ್ ಹಿಕ್‌ಮನ್ ಬಡಗಿಗಳಿಗೆಂದು ರೂಪಿಸಿದ, 1970ರ ದಶಕದಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ತಯಾರಿಸತೊಡಗಿದ ವರ್ಕ್‌ಮೇಟ್ ಎಂಬ ಮಡಚುವ ಬೆಂಚನ್ನು ತೋಟಾ ತುಂಬುವವರು ಬಹುಬೇಗ ತಮ್ಮದಾಗಿಸಿಕೊಂಡರು. ಪ್ರೆಸ್ಸನ್ನು ದಪ್ಪ ಹಲಗೆಗೆ ಬೋಲ್ಟ್ ಹಾಕಿ, ಹಲಗೆಯನ್ನು ಬೆಂಚಿನ ದವಡೆಯಲ್ಲಿ ಕಚ್ಚಿಸಿದರೆ ಕೆಲಸಕ್ಕೆ ಸಿದ್ಧ. ಮುಗಿದ ಮೇಲೆ ಎಲ್ಲವೂ ಬಾಗಿಲ ಹಿಂದೆ. ಅಡುಗೆಮನೆಯ ಮೇಜಿಗೆ ಕ್ಲ್ಯಾಂಪ್ ಹಾಕುವುದು, ಬಟ್ಟೆ ಕಪಾಟಿನೊಳಗೆ ಕಿರಿದಾದ ಬೆಂಚು ಕೂರಿಸಿ ಬಾಗಿಲು ಮುಚ್ಚುವುದು, ಒಂದೇ ಬೆಂಚಿನ ತೂತುಗಳಿಗೆ ಬೇಕಾದಾಗ ಬೇಕಾದ ಉಪಕರಣವನ್ನು ಬದಲಿಸಿ ಬಿಗಿಯುವುದು ಬಾಡಿಗೆ ಮನೆಗಳಲ್ಲಿ ರೂಢಿಯಾದವು.

ಇನ್ನೊಂದು ತುದಿಯಲ್ಲಿ, ಹಿಡಿಯ ಪ್ರತಿ ಎಳೆತಕ್ಕೂ ಒಂದು ಪೂರ್ಣ ತೋಟಾವನ್ನು ಉದುರಿಸುವ ಪ್ರೆಸ್‌ಗಳು ಬಂದವು. 1930ರ ದಶಕದಲ್ಲಿಯೇ ಸ್ಯಾನ್ ಡಿಯೆಗೊದ ಸ್ಟಾರ್ ಯಂತ್ರ ಪೊಲೀಸ್ ಇಲಾಖೆಗಳ ಅಭ್ಯಾಸಕ್ಕೆ ಬಳಕೆಯಾಗಿತ್ತು. 1976ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡ ವೇಗದ ಪಿಸ್ತೂಲ್ ಸ್ಪರ್ಧೆಗಳು ಜನಪ್ರಿಯವಾದಾಗ ತಿಂಗಳಿಗೆ ಸಾವಿರಾರು ತೋಟಾ ಬೇಕಾದವು. ಆ ಬೇಡಿಕೆಯನ್ನು ಹಿಡಿದವನು ಅರಿಜೋನಾದ ಮೈಕ್ ಡಿಲನ್. ಅವನ ಯಂತ್ರಗಳು ಹಿಂದೆ ಕಾರ್ಖಾನೆಯಷ್ಟು ಜಾಗ ಬೇಡುತ್ತಿದ್ದ ವೇಗವನ್ನು ಎರಡಡಿ ಬೆಂಚಿಗೆ ತಂದವು.

ಮನೆಯೊಳಗೆ ಮದ್ದು: ನಿಯಮಗಳ ತರ್ಕ

ಕೆಲಸ ವಾಸದ ಮನೆಯೊಳಗೆ ಬಂದಮೇಲೆ ಎಷ್ಟು ಮದ್ದು ಇಡಬಹುದು ಎಂಬ ಪ್ರಶ್ನೆಯೂ ಬಂತು. ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ 495ನೆಯ ಸಂಹಿತೆಯನ್ನು ಅನೇಕ ರಾಜ್ಯಗಳು, ನಗರಗಳು ಹೆಚ್ಚುಕಡಿಮೆ ಮಾಡಿ ಅನುಸರಿಸುತ್ತವೆ. ಅದರಂತೆ ಸ್ವಂತ ಬಳಕೆಯ ಹೊಗೆಯಿಲ್ಲದ ಮದ್ದು 20 ಪೌಂಡ್, ಅಂದರೆ ಸುಮಾರು 9 ಕಿಲೊವರೆಗೆ ಮೂಲ ಡಬ್ಬಿಗಳಲ್ಲೇ ಮನೆಯಲ್ಲಿರಬಹುದು. ಅದಕ್ಕಿಂತ ಹೆಚ್ಚಾಗಿ 50 ಪೌಂಡ್‌ವರೆಗೆ ಇದ್ದರೆ ಕನಿಷ್ಠ ಒಂದಂಗುಲ ದಪ್ಪದ ಮರದ ಪೆಟ್ಟಿಗೆಯಲ್ಲಿಡಬೇಕು. ಕೇಪುಗಳಿಗೆ 10,000ದ ಮಿತಿ.

ಪೆಟ್ಟಿಗೆ ಮರದ್ದೇ ಏಕೆ ಎಂಬುದಕ್ಕೆ ಕಾರಣವಿದೆ. ಹೊಗೆಯಿಲ್ಲದ ಮದ್ದು ಬಯಲಲ್ಲಿ ಭರ್ರನೆ ಉರಿಯುತ್ತದೆ, ಸಿಡಿಯುವುದಿಲ್ಲ. ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ಮಾತ್ರ ಅನಿಲದ ಒತ್ತಡ ಏರಿ ಸ್ಫೋಟವಾಗುತ್ತದೆ. ಬೆಂಕಿ ಬಿದ್ದಾಗ ಮರ ಶಾಖವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಆದರೆ ಒತ್ತಡವನ್ನು ಹಿಡಿದಿಡುವುದಿಲ್ಲ. ಭದ್ರವಾಗಿ ಮುಚ್ಚಿದ ಉಕ್ಕಿನ ತಿಜೋರಿ ಇದಕ್ಕೆ ತದ್ವಿರುದ್ಧ. ಕೇಪುಗಳ ಪೊಟ್ಟಣದಲ್ಲಿ ಒಂದೊಂದಕ್ಕೂ ಬೇರೆ ಗುಳಿ ಇರುವುದೂ ಹೀಗೆಯೇ ಲೆಕ್ಕ ಹಾಕಿ: ಗಾಜಿನ ಶೀಸೆಯಲ್ಲಿ ಒಟ್ಟಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಸಿಡಿಯಬಹುದು.

ಚಿಕ್ಕ ಮನೆಯಲ್ಲಿ ಇನ್ನೊಂದು ಅಪಾಯ ಸೀಸ. ಆಧುನಿಕ ಕೇಪುಗಳಲ್ಲಿ ಸೀಸದ ಸಂಯುಕ್ತವಿದೆ; ಹೊಡೆದ ತೋಟಾಗಳ ಮಸಿಯಲ್ಲಿ, ಅವನ್ನು ಉಜ್ಜಿ ತೊಳೆಯುವಾಗ ಏಳುವ ಧೂಳಿನಲ್ಲಿ ಅದು ಇರುತ್ತದೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ನೆಲದ ಮೇಲೆ ಜಮಖಾನೆ ಬೇಡ, ಮಕ್ಕಳು ಓಡಾಡುವ ಕೋಣೆ ಬೇಡ ಎಂಬ ಬುದ್ಧಿಮಾತು ಕೈಪಿಡಿಗಳಲ್ಲಿ ಸೇರಿಕೊಂಡಿತು. ಚೆಲ್ಲಿದ ಮದ್ದನ್ನು ಮೋಟಾರಿನ ಕಿಡಿ ತಾಗಬಹುದಾದ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯದೆ ಪೊರಕೆಯಿಂದಲೇ ಗುಡಿಸಬೇಕೆಂಬುದೂ ಅಂಥದೇ ಪಾಠ.

ಕಾನೂನಿನ ಗೆರೆ

ಅಮೆರಿಕದಲ್ಲಿ 1968ರ ಗನ್ ಕಂಟ್ರೋಲ್ ಕಾಯ್ದೆ ಮಾರಾಟಕ್ಕೆ ತೋಟಾ ತಯಾರಿಸುವವರಿಗೆ ಪರವಾನಗಿ ಕಡ್ಡಾಯ ಮಾಡಿತು. ತನ್ನ ಬಳಕೆಗೆ ತುಂಬಿಕೊಳ್ಳುವವನನ್ನು ಬಿಟ್ಟಿತು. ಜರ್ಮನಿಯಲ್ಲಿ ಸ್ಫೋಟಕ ಕಾಯ್ದೆಯಡಿ ತರಬೇತಿ ಮುಗಿಸಿ ಅನುಮತಿ ಪಡೆದವರಿಗೆ ಮಾತ್ರ ಈ ಅವಕಾಶ.

ಭಾರತದ ಗೆರೆ ಇನ್ನೂ ಬಿಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು. ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದೆ, ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕಿ ಇಂದಿಗೂ ಮುಂದುವರಿದಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಕೆಗಲ್ಲ. ಕೇಪಿನ ಕೋವಿಗೆ ಮದ್ದು, ಚರೆ ತುಂಬಿ ಗಜದಿಂದ ಜಡಿಯುವ ಹಳೆಯ ಕ್ರಮ ಕರ್ನಾಟಕದ ಮಲೆನಾಡಿನಲ್ಲಿ ತೋಟಾ ಕೋವಿ ಬಂದ ಮೇಲೂ ಬಹುಕಾಲ ಉಳಿಯಿತಾದರೂ ಹಿತ್ತಾಳೆ ತೋಟಾವನ್ನು ಮನೆಯಲ್ಲಿ ಮರುತುಂಬುವುದು ಅಮೆರಿಕದಂತೆ ಜನಸಾಮಾನ್ಯರ ಹವ್ಯಾಸವಾಗಿ ಇಲ್ಲಿ ಬೆಳೆಯಲಿಲ್ಲ.

ಸ್ವಾವಲಂಬನೆಯ ಮಿತಿ

ಚುನಾವಣೆ, ಹೊಸ ಕಾನೂನಿನ ಭಯ, ಸಾಂಕ್ರಾಮಿಕ ಇವು ಅಮೆರಿಕದ ಅಂಗಡಿಗಳಲ್ಲಿ ತೋಟಾಗಳನ್ನು ಪದೇಪದೇ ಖಾಲಿ ಮಾಡಿವೆ. 2008ರ ಕೊನೆಯಿಂದ, 2013ರಲ್ಲಿ, 2020ರಿಂದ ಹೀಗಾಯಿತು. ಇಂಥ ಹೊತ್ತಿನಲ್ಲಿ ಮನೆಯಲ್ಲೇ ತುಂಬಿಕೊಳ್ಳಲು ಹೊಸಬರು ಮುಂದಾಗುತ್ತಾರೆ. ಆದರೆ 2020ರ ಬಳಿಕ ಮೊದಲು ಕಪಾಟುಗಳಿಂದ ಮಾಯವಾದ ವಸ್ತುಗಳಲ್ಲಿ ಕೇಪೂ ಒಂದು. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಂಪನಿಗಳು ಆ ದೇಶದಲ್ಲಿ ಬೆರಳೆಣಿಕೆಯಷ್ಟು. ಅವು ತಮ್ಮ ಸಿದ್ಧ ತೋಟಾಗಳಿಗೆ ಬಳಸಿ ಮಿಕ್ಕಿದ್ದನ್ನು ಬಿಡಿಯಾಗಿ ಮಾರುತ್ತವೆ.

ಗುಂಡನ್ನು ಮನೆಯಲ್ಲಿ ಎರೆಯಬಹುದು, ಹಿತ್ತಾಳೆಯನ್ನು ಹಲವು ಸಲ ಬಳಸಬಹುದು, ಪ್ರೆಸ್ ಇಲ್ಲದೆಯೂ ಕೆಲಸ ನಡೆಸಬಹುದು. ಹೊಗೆಯಿಲ್ಲದ ಮದ್ದಿಗೂ ಕೇಪಿಗೂ ಮಾತ್ರ ಕಾರ್ಖಾನೆಯೇ ಗತಿ. ಉಪಕರಣಗಳು ಎಷ್ಟೇ ಕಿರಿದಾಗಿ ಕಪಾಟಿನೊಳಗೆ ಸೇರಿದರೂ ಫಾರ್ಸೈತ್‌ನ ಕಾಲದಲ್ಲಿ ಶುರುವಾದ ಆ ಅವಲಂಬನೆ ಹಾಗೆಯೇ ಉಳಿದಿದೆ. ಮನೆಯಲ್ಲಿ ತೋಟಾ ತುಂಬುವುದು ಮಾರುಕಟ್ಟೆಯಿಂದ ಹೊರಗೆ ನಿಂತ ಕಸುಬಲ್ಲ. ಕಾರ್ಖಾನೆಯ ಕೊನೆಯ ಕೆಲವು ಹಂತಗಳನ್ನು ಮನೆಯ ಮೇಜಿಗೆ ತಂದುಕೊಂಡ ಕಸುಬು.